ಮೀನಿಗೆ ಜಾಗ ಅಳೆದವರು

ಕಳೆದ ವರ್ಷ ಭತ್ತದ ಕೊಯ್ಲು ಮುಗಿಯುತ್ತಿದ್ದ ಹೊತ್ತಿಗೆ ಅವರು ತೀರಿಕೊಂಡರು. ಸೊರಬದ ಆಫೀಸಿನಲ್ಲಿ ಕುಳಿತಿದ್ದ ನನಗೆ ಶಿಕಾರಿಪುರದಿಂದ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿ, "ನಮ್ಮ ಮೀನಿನ ಸಾಹೇಬ್ರು ಹೋದ್ರಂತೆ ಮೇಡಂ. ಊಟ ಮಾಡಿ ಅಡ್ಡಾದವರು ಏಳಲೇ ಇಲ್ಲ" ಎಂದರು. ಅವರು ತಾಲೂಕಿನ ಸರ್ವೆಯರ್ ಆಗಿದ್ದವರು. ಮೊದಲೆಲ್ಲ ನಾವು ಸರ್ವೆಯರ್ ಸಾಹೇಬರು ಎಂದೇ ಕರೆಯುತ್ತಿದ್ದದ್ದು. ನಿವೃತ್ತಿಗೆ ಕೆಲವು ವರ್ಷ ಉಳಿದಿರುವಾಗ ಹೆಸರು ಬದಲಾಯಿತು. ಅವರಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಜಮೀನು ಅಳೆದಿದ್ದಕ್ಕೆ ಅರ್ಧ ಊರು ಬೈಯುತ್ತದೆ, ಮೀನು ಸಾಕಿದ್ದಕ್ಕೆ ಯಾರೂ ಬೈಯುವುದಿಲ್ಲ ಎನ್ನುತ್ತಿದ್ದರು.

ಮಾತನಾಡಿಸಿಕೊಂಡು ಬರಲೆಂದು ಹೋದೆ. ಅವರ ಹೆಂಡತಿಯನ್ನು ನಾನು ಅಕ್ಕಾ ಎಂದು ಕರೆಯುವುದು. ಅಕ್ಕ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಹಳೆಯ ಮಾತುಗಳು ಬಂದವು, ಇಬ್ಬರೂ ನಕ್ಕೆವು. ಶಿರಾಳಕೊಪ್ಪದಿಂದ ಬಂದಿದ್ದ ಮಗಳು ಚಹಾ ತಂದಿಟ್ಟು, "ಸತ್ತವರ ಮನೇಲಿ ಹಿಂಗಾ ನಗೋದು?" ಎಂದು ತಾನೂ ನಕ್ಕಳು. ಅವರ ಮಾತು ತೆಗೆದು ನಗದೆ ಇರುವುದು ಕಷ್ಟ.

ಕುಳ್ಳಗಿನ ಗಟ್ಟಿ ಆಳು. ಬಿಸಿಲಿನಲ್ಲಿ ತಿರುಗಿ ಮುಖವೆಲ್ಲ ಕಪ್ಪಾಗಿತ್ತು. ಟೋಪಿ ತೆಗೆದರೆ ಹಣೆಯ ಮೇಲಿನ ಅರ್ಧ ಮಾತ್ರ ಬೇರೊಬ್ಬರದ್ದೇನೋ ಎನ್ನುವಷ್ಟು ಬೆಳ್ಳಗೆ ಕಾಣುತ್ತಿತ್ತು. ಕೈ ಸುಮ್ಮನಿರುತ್ತಿರಲಿಲ್ಲ. ಎದುರಿಗೆ ಕೂತು ಮಾತನಾಡುತ್ತಿದ್ದರೆ ಅವರ ಹೆಬ್ಬೆರಳು ಮತ್ತು ಕಿರುಬೆರಳು ಮೇಜಿನ ಅಂಚಿನಲ್ಲಿ ಗೇಣು ಹಾಕುತ್ತ ಹೋಗುತ್ತಿದ್ದವು. ಮದುವೆ ಮನೆಗೆ ಹೋದರೆ ವಧೂವರರನ್ನು ನೋಡುವ ಮೊದಲು ಛತ್ರದ ಈ ಗೋಡೆಯಿಂದ ಆ ಗೋಡೆಗೆ ಕಣ್ಣು ಹಾಯಿಸುತ್ತಿದ್ದರು. ಆಮೇಲೆ ಪಕ್ಕದವರ ಕಿವಿಯಲ್ಲಿ, "ಐನೂರು ಜನ ಅಂತ ಬೋರ್ಡ್ ಹಾಕ್ಯಾರ. ಮುನ್ನೂರಾದ ಮ್ಯಾಲೆ ಎಲಿ ಹಾಕಾಕ ಜಾಗ ಇರಂಗಿಲ್ಲ ನೋಡ್ರಿ" ಎನ್ನುವರು. ಊಟಕ್ಕೆ ಕೂರುವಾಗ ಅವರ ಮಾತು ನಿಜವಾಗಿರುತ್ತಿತ್ತು.

ಅವರದು ಕುರಿ ಸಾಕುವ ಮನೆತನ. ಓದಿ ಕೆಲಸಕ್ಕೆ ಸೇರುವವರೆಗೂ ರಜೆ ಬಂತೆಂದರೆ ಅಪ್ಪನ ಜೊತೆ ಮಂದೆಯ ಹಿಂದೆ ನಡೆದವರು. ಅವರ ಹೆಜ್ಜೆ ಅಳತೆ ಮಾಡಿದಂತೆ ಒಂದೇ ಸಮನಾಗಿರುವುದು ಅದರಿಂದಲೇ ಎಂದು ನಮ್ಮ ಜೀಪಿನ ಡ್ರೈವರ್ ಹೇಳುತ್ತಿದ್ದ.

ನಾನು ಸರ್ವೆ ವಿಭಾಗಕ್ಕೆ ಗುಮಾಸ್ತೆಯಾಗಿ ಸೇರಿದ ದಿನ ಎಲ್ಲರೂ ಯಾವೂರು ಎಂದು ಕೇಳಿದರು. ಕ್ಯಾಸನೂರಿನ ಹತ್ತಿರ ಎಂದೆ. ಒಬ್ಬೊಬ್ಬರೂ ಮಂಗನ ಕಾಯಿಲೆಯ ವಿಷಯ ತೆಗೆದರು. ಒಬ್ಬರಂತೂ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡಂತೆ ನನಗೆ ಕಂಡಿತು. ಇವರು ಮಾತ್ರ ಮೂಲೆಯ ಮೇಜಿನಿಂದ ತಲೆಯೆತ್ತಿ, "ನಿಮ್ಮೂರಾಗ ಗದ್ದಿ ಮುಗಿದು ಕಾಡು ಎಲ್ಲಿಂದ ಸುರು ಆಕೈತಿ? ಕಲ್ಲು ನೆಟ್ಟಾರೇನು?" ಎಂದು ಕೇಳಿದರು.

"ಕಲ್ಲು ಎಂತ ಇಲ್ಲ ಸರ್. ಒಂದು ಹಳ್ಳ ಅದೆ" ಎಂದೆ.

"ಹಳ್ಳ ಇದ್ರ ಭೇಷ್. ಹಳ್ಳನ ಯಾರೂ ಕಿತ್ತು ಆಕಡೆ ಇಡಾಕ ಆಗಂಗಿಲ್ಲ" ಎಂದು ಮತ್ತೆ ತಲೆ ತಗ್ಗಿಸಿದರು. ನನ್ನ 'ಎಂತ' ಅವರಿಗೆ ಇಷ್ಟವಾಗಿರಬೇಕು. ಅವತ್ತಿನಿಂದ ನನ್ನನ್ನು ಕಂಡಾಗಲೆಲ್ಲ, "ಎಂತ ತಂಗಿ?" ಎಂದೇ ಮಾತು ಶುರುಮಾಡುತ್ತಿದ್ದರು.

ಅವರು ಕೆಲಸ ಮಾಡುವುದನ್ನು ಹೊಲದಲ್ಲಿ ನೋಡಬೇಕಿತ್ತು. ಬಂದಳಿಕೆ ಕಡೆ ಅಣ್ಣತಮ್ಮಂದಿರಿಬ್ಬರು ಹೊಲ ಭಾಗ ಮಾಡಿಕೊಳ್ಳಲು ಅರ್ಜಿ ಕೊಟ್ಟಿದ್ದರು. ಹೊಲ ಮೊದಲೇ ಅಗಲ ಕಡಿಮೆ, ಉದ್ದ ಜಾಸ್ತಿ. ಒಂದು ತುದಿಗೆ ಮಾತ್ರ ರಸ್ತೆ. ಇಬ್ಬರಿಗೂ ರಸ್ತೆ ಬೇಕು, ಹಾಗಾಗಿ ಉದ್ದಕ್ಕೆ ಸೀಳಿ ಕೊಡಿ ಎಂದು ಇಬ್ಬರದೂ ಒಂದೇ ಹಟ. ಇವರು ಇಲ್ಲವೆನ್ನಲಿಲ್ಲ. ಅವರು ಕೇಳಿದಂತೆಯೇ ಗೂಟ ಹೊಡೆಸಿ ಹಗ್ಗ ಎಳೆಸಿದರು. ಆಮೇಲೆ ಅಣ್ಣನಿಗೆ, "ನಿನ್ನ ಟ್ರ್ಯಾಕ್ಟರ್ ತಗೊಂಬಾ. ನಿನ್ನ ಪಾಲಿನಾಗ ಒಂದು ಸುತ್ತು ಹೊಡಿ" ಎಂದರು. ತುದಿಗೆ ಹೋಗಿ ತಿರುಗಿಸಿಕೊಳ್ಳುವಾಗ ಟ್ರ್ಯಾಕ್ಟರಿನ ಗಾಲಿ ಹಗ್ಗ ದಾಟಿ ತಮ್ಮನ ಪಾಲಿಗೆ ಹೋಯಿತು. ಇನ್ನೊಮ್ಮೆ ಮಾಡು ಎಂದರು. ಮತ್ತೆ ಹೋಯಿತು.

"ಕಾಗದದಾಗ ಇಬ್ಬರಿಗೂ ಸಮ ಐತಪ್ಪ. ಆದ್ರ ತಿರುಗಾಕ ಜಾಗ ಇಲ್ಲದ ಹೊಲ ತಗೊಂಡು ಏನ್ ಮಾಡ್ತೀರಿ? ವರ್ಷಾ ಉಳುಮೆಗೆ ಜಗಳ ಆಡ್ತೀರಿ" ಎಂದರು. ಅಣ್ಣತಮ್ಮಂದಿರು ಬೇವಿನ ಮರದ ಕೆಳಗೆ ಕುಳಿತು ಬೀಡಿ ಸೇದಿದರು. ಸಂಜೆಯೊಳಗೆ ಹೊಲವನ್ನು ಅಡ್ಡಕ್ಕೆ ಪಾಲು ಮಾಡಿ, ಪಕ್ಕದಲ್ಲಿ ಒಂದು ಗಾಡಿದಾರಿಯನ್ನು ಇಬ್ಬರಿಗೂ ಸೇರಿಸಿ ಬಿಡುವುದೆಂದಾಯಿತು.

ಮೀನು ಬಂದದ್ದು ಆ ತಮ್ಮನಿಂದ. ಜಗಳವಿಲ್ಲದೆ ಭಾಗವಾಯಿತೆಂಬ ಖುಷಿ ಅವನಿಗೆ. ಸಾಹೇಬರು ಯಾರಿಂದಲೂ ಒಂದು ತೆಂಗಿನಕಾಯಿಯನ್ನೂ ಮುಟ್ಟುವುದಿಲ್ಲವೆಂದು ಗೊತ್ತಿದ್ದರಿಂದ, ಅವರಿಲ್ಲದ ಹೊತ್ತು ನೋಡಿ ಕ್ವಾರ್ಟರ್ಸಿಗೆ ಹೋಗಿದ್ದಾನೆ. ಶಿವಮೊಗ್ಗದಲ್ಲಿ ಅವನ ಭಾವಮೈದುನನದೇ ಮೀನಿನ ಅಂಗಡಿಯಂತೆ. ಒಂದು ಪುಟ್ಟ ಗಾಜಿನ ತೊಟ್ಟಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಿರುಬೆರಳಿನಷ್ಟುದ್ದದ ಆರು ಬೆಳ್ಳಿ ಬಣ್ಣದ ಮೀನು. ಅಕ್ಕನ ಕೈಗೆ ಕೊಟ್ಟು, ಹೆಸರು ಸಿಲ್ವರ್ ಶಾರ್ಕ್, ತೊಟ್ಟಿ ಎಷ್ಟಿರುತ್ತದೋ ಅಷ್ಟೇ ಬೆಳೆಯುತ್ತವೆ ಎಂದು ಹೇಳಿ ಹೋಗಿಬಿಟ್ಟಿದ್ದಾನೆ.

"ಶಾರ್ಕ್ ಅಂದ ಕೂಡ್ಲೆ ನಂಗೆ ಎದಿ ಝಲ್ ಅಂತು. ಬೆರಳು ಕಚ್ತಾವೇನೋ ಅಂತ ಚೀಲ ದೂರ ಹಿಡಕೊಂಡೇ ನಿಂತಿದ್ದೆ" ಎಂದು ಅಕ್ಕ ಆಮೇಲೆ ಹೇಳುತ್ತಿದ್ದರು. ಕಚ್ಚುವ ಜಾತಿಯೇ ಅಲ್ಲ ಅದು. ಬೆನ್ನಿನ ಮೇಲೆ ಹಾಯಿಯಂಥ ರೆಕ್ಕೆ, ಎಲ್ಲ ರೆಕ್ಕೆಗಳಿಗೂ ಕಾಡಿಗೆ ತೀಡಿದಂಥ ಕಪ್ಪು ಅಂಚು. ಆ ಆಕಾರಕ್ಕೆ ಯಾರೋ ಆ ಹೆಸರಿಟ್ಟಿದ್ದಾರೆ, ಅಷ್ಟೆ.

ಸಂಜೆ ಬಂದು ನೋಡಿದ ಇವರಿಗೆ ಎಲ್ಲಿಲ್ಲದ ಸಿಟ್ಟು. ಮೀನು, ತೊಟ್ಟಿ ಎರಡನ್ನೂ ಆ ಅಂಗಡಿಗೇ ಒಪ್ಪಿಸಿ ಬರುತ್ತೇನೆಂದು ಮರುದಿನವೇ ಶಿವಮೊಗ್ಗದ ಬಸ್ಸು ಹತ್ತಿದರು. ಅಲ್ಲಿ ನಡೆದದ್ದನ್ನು ಅವರ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇನೆ. ಅಂಗಡಿಯ ಹಿಂದಿನ ಸಾಲಿನಲ್ಲಿ ಒಂದು ತೊಟ್ಟಿ. ಅದರೊಳಗೆ ಇದೇ ಜಾತಿಯ ಒಂದೇ ಒಂದು ಮೀನು, ಮೊಳಕ್ಕೆ ಸ್ವಲ್ಪ ಕಡಿಮೆ ಇರಬಹುದು. ತಿರುಗಬೇಕಾದರೆ ಮೈಯನ್ನು ಬಿಲ್ಲಿನಂತೆ ಬಾಗಿಸಬೇಕು. ಮೂತಿ ಗಾಜಿಗೆ ಉಜ್ಜಿ ಉಜ್ಜಿ ಕೆಂಪಾಗಿತ್ತು.

"ಇದು ಯಾವ ಮೀನ್ರೀ?"

"ನಿಮ್ಮ ಚೀಲದಲ್ಲಿರೋದೇ ಸರ್. ದೊಡ್ಡದು."

"ಟ್ಯಾಂಕ್ ಎಷ್ಟಿರ್ತದೋ ಅಷ್ಟೇ ಬೆಳೀತಾವ ಅಂತ ಆ ಹುಡುಗ ನಮ್ಮ ಮನಿಯಾಕಿಗೆ ಹೇಳ್ಯಾನಲ್ಲ?"

ಅಂಗಡಿಯವನು ಒಳ್ಳೆಯವನೇ. ಅತ್ತಿತ್ತ ನೋಡಿ ಹೇಳಿದನಂತೆ: "ಎಲ್ರೂ ಹಂಗೇ ಹೇಳೋದು ಸರ್, ನಾನೂ ಹೇಳ್ತೀನಿ. ಬೆಳೆಯೋದು ಬೆಳದೇ ಬೆಳೀತವೆ. ಜಾಗ ಇಲ್ಲಾಂದ್ರೆ ಬೆನ್ನು ಸೊಟ್ಟಗಾಗ್ತದೆ, ಆಯಸ್ಸು ಕಮ್ಮಿ ಆಗ್ತದೆ. ಇದನ್ನ ಯಾರೋ ಸಣ್ಣದಿರುವಾಗ ತಗೊಂಡು ಹೋಗಿ, ದೊಡ್ಡದಾದ ಮೇಲೆ ತಂದು ಬಿಟ್ಟು ಹೋಗಿದ್ದು. ನಾನೇನ್ ಮಾಡ್ಲಿ?"

ವಾಪಸು ಕೊಡಲು ಹೋದವರು ಚೀಲವನ್ನು ಕೊಡಲೇ ಇಲ್ಲ. ಕೊಟ್ಟರೆ ಈ ಆರೂ ಅದೇ ಹಿಂದಿನ ಸಾಲಿಗೆ ಬರುತ್ತವೆ ಎಂದು ಕಂಡಿತು. ಪುಟ್ಟ ತೊಟ್ಟಿಯನ್ನು ಅಲ್ಲೇ ಬಿಟ್ಟು, ಮೀನಿನ ಬೆಲೆ ಕೊಟ್ಟು, ತಮ್ಮ ದುಡ್ಡಿನಲ್ಲಿ ದೊಡ್ಡದೊಂದನ್ನು ಆರಿಸಲು ನಿಂತರು. ಅಂಗಡಿಯವನು ಎತ್ತರದ ಚೆಂದದ ತೊಟ್ಟಿ ತೋರಿಸಿ ಇಷ್ಟು ಲೀಟರ್ ಹಿಡಿಯುತ್ತದೆ ಎಂದನಂತೆ. "ಲೀಟರ್ ಹೇಳಬ್ಯಾಡ್ರಿ, ಉದ್ದ ಹೇಳ್ರಿ. ಇವು ಮ್ಯಾಲಕ್ಕೂ ಕೆಳಕ್ಕೂ ಹೋಗೋ ಮೀನಲ್ಲ. ಈ ಕಡಿಂದ ಆ ಕಡಿಗೆ ಓಡೋ ಮೀನು" ಎಂದರು. ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಹಿಡಿಸಬಹುದಾದ ಅತಿ ಉದ್ದದ ತೊಟ್ಟಿ ನಾಲ್ಕು ಅಡಿಯದು. ಅದನ್ನೇ ತಂದರು.

ಆ ಕ್ವಾರ್ಟರ್ಸು ಎರಡು ಕೋಣೆ, ಒಂದು ಓಣಿಯಂಥ ಅಡುಗೆಮನೆ. ತೊಟ್ಟಿ ಬಂದ ಮೇಲೆ ಮುಂದಿನ ಕೋಣೆಯಲ್ಲಿ ಒಬ್ಬರು ಕುಳಿತರೆ ಇನ್ನೊಬ್ಬರು ದಾಟಬೇಕಾದರೆ ಕಾಲು ಎತ್ತಿಕೊಳ್ಳಬೇಕು. ಅಕ್ಕ ಮೀನುಗಳನ್ನು ಶನಿಗಳು ಎಂದೇ ಕರೆಯುತ್ತಿದ್ದರು. ಆದರೆ ಇವರು ದಿನವಿಡೀ ಹಳ್ಳಿಯ ಮೇಲಿರುತ್ತಿದ್ದರಿಂದ ಎರಡು ಹೊತ್ತು ಕಾಳು ಹಾಕುತ್ತಿದ್ದವರು ಅವರೇ. ಅವರ ಸೀರೆಯ ಬಣ್ಣ ಬಾಗಿಲಲ್ಲಿ ಕಂಡರೆ ಸಾಕು, ಆರೂ ಒಟ್ಟಿಗೆ ಗಾಜಿನ ಹತ್ತಿರ ಬರುತ್ತಿದ್ದವು. ಆ ಮೀನುಗಳಿಗೆ ಸದ್ದೆಂದರೆ ವಿಪರೀತ ಹೆದರಿಕೆ. ಕುಕ್ಕರು ಕೂಗಿದರೆ ಸಾಕು, ಚೆಲ್ಲಾಪಿಲ್ಲಿಯಾಗಿ ಓಡಿ ಗಾಜಿಗೆ ಹೊಡೆದುಕೊಳ್ಳುತ್ತಿದ್ದವು. ಒಂದು ದಿನ ನಾನು ಹೋದಾಗ ಕುಕ್ಕರು ಅಟ್ಟ ಸೇರಿತ್ತು, ಪಾತ್ರೆಯಲ್ಲಿ ಅನ್ನ ಬೇಯುತ್ತಿತ್ತು.

"ಬಸಿದ ಅನ್ನ ಹೊಟ್ಟಿಗೆ ಒಳ್ಳೇದಂತೆ" ಎಂದರು ಅಕ್ಕ. ಮೀನಿನ ಸುದ್ದಿ ಎತ್ತಲೇ ಇಲ್ಲ.

ಒಮ್ಮೆ ನಾನು ಆ ತೊಟ್ಟಿಗೆಂದು ಬಣ್ಣ ಬಣ್ಣದ ಒಂದು ಪುಟ್ಟ ಕೋಟೆ ತಂದುಕೊಟ್ಟೆ. ಬಾಗಿಲು, ಕಿಟಕಿ, ಗೋಪುರ ಎಲ್ಲ ಇತ್ತು. ಬಹಳ ಚೆನ್ನಾಗಿದೆ ಎಂದು ನೀರಿಗಿಳಿಸಿದರು. ಮುಂದಿನ ವಾರ ಹೋದರೆ ಅದು ತುಳಸಿಕಟ್ಟೆಯ ಮೇಲಿತ್ತು. ನನಗೆ ಬೇಸರವಾದದ್ದು ಮುಖದಲ್ಲಿ ಕಂಡಿರಬೇಕು.

"ಕೋಟೆ ಚಂದ ಐತಿ ತಂಗಿ. ಆದ್ರ ಅವುಗಳ ದಾರಿಯಾಗ ನಿಂತೈತಿ" ಎಂದರು. ಆಮೇಲೆ ಟೇಪು ತಂದು ನನಗೆ ಲೆಕ್ಕ ತೋರಿಸಿದರು. ಜಮೀನು ಅಳೆಯುವಾಗ ಬಂಡೆ, ಹಳ್ಳ, ದಾರಿ ಇವನ್ನೆಲ್ಲ ಖರಾಬು ಎಂದು ಕಳೆಯುತ್ತೇವೆ, ಉಳಿದದ್ದಷ್ಟೇ ಸಾಗುವಳಿಗೆ. ಅವರು ಮೀನಿನ ತೊಟ್ಟಿಗೂ ಹಾಗೇ ಮಾಡಿದ್ದರು. ತಳದ ಕಲ್ಲು ಖರಾಬು. ಮೂಲೆಯ ಗಿಡ ಖರಾಬು. ಗಾಳಿಯ ಮೋಟರು, ಅದರ ಪೈಪು ಖರಾಬು. ನನ್ನ ಕೋಟೆ ದೊಡ್ಡ ಖರಾಬು. "ಎಲ್ಲಾ ಕಳೆದ ಮ್ಯಾಲೆ ನಾಲ್ಕು ಅಡಿ ಅನ್ನೋದು ಮೂರಾಗತೈತಿ. ಈಗ ಇವು ಗೇಣುದ್ದ ಆಗ್ಯಾವ. ಬಾಲ ನಾಕು ಸಲ ಬಡಿಯೋದ್ರಾಗ ಗಾಜು ಬಂತು" ಎಂದರು. ತಮಾಷೆಗೆ ಶುರುಮಾಡಿದವರ ದನಿ ಕೊನೆಗೆ ತಗ್ಗಿತು.

ಆ ವರ್ಷದ ದೀಪಾವಳಿಗೆ ಕ್ವಾರ್ಟರ್ಸಿನ ಓಣಿಯಲ್ಲಿ ಯಾರೋ ಸರಪಟಾಕಿ ಹಚ್ಚಿದರು. ಬಟ್ಟೆ ಹೊದಿಸಿ, ಕಿಟಕಿ ಮುಚ್ಚಿ ಏನೆಲ್ಲ ಮಾಡಿದ್ದರೂ ಮೊದಲ ಸದ್ದಿಗೇ ಒಂದು ಮೀನು ಈ ತುದಿಯಿಂದ ಚಿಮ್ಮಿ ಆ ತುದಿಯ ಗಾಜಿಗೆ ಬಡಿಯಿತು. ಆಮೇಲೆ ಅದು ನೇರ ಈಜಲೇ ಇಲ್ಲ. ಹಬ್ಬ ಮುಗಿಯುವುದರೊಳಗೆ ಸತ್ತಿತು. ರಜೆ ಕಳೆದು ಆಫೀಸಿಗೆ ಬಂದ ಇವರು ಮೇಜಿನ ಮೇಲೆ ಗೇಣು ಹಾಕಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ತಾವಾಗಿಯೇ ಹೇಳಿದರು.

"ಹೆದರಿದ ಜೀವ ಓಡತೈತಿ, ಅದು ಸಹಜ. ಓಡಾಕ ಜಾಗ ಇದ್ದಿದ್ರ ಅದರ ಹೆದರಿಕಿ ಅಲ್ಲೇ ಮುಗೀತಿತ್ತು. ನಾನು ಇಟ್ಟ ಗಾಜು ಅದನ್ನ ಕೊಂದಿದ್ದು, ಪಟಾಕಿ ಅಲ್ಲ."

"ನೀವು ಎಂತ ಮಾಡ್ತೀರಿ ಸರ್? ಮನೆ ಇರೋದೇ ಅಷ್ಟು" ಎಂದೆ.

"ಅದನ್ನೇ ನೋಡಬೇಕು" ಎಂದರು.

ಯಾರನ್ನೆಲ್ಲ ಕೇಳಿದರೋ, ಫೋನಿನಲ್ಲಿ ಏನೆಲ್ಲ ಓದಿದರೋ, ಐದು ಮೀನಿಗೆ ಕನಿಷ್ಠ ಎಂಟು ಹತ್ತು ಅಡಿ ಉದ್ದ ಬೇಕೆಂದು ತಿಳಿದುಕೊಂಡರು. ಒಂಟಿಯಾಗಿಟ್ಟರೆ ಕೊರಗುವ ಮೀನು, ಹಾಗಾಗಿ ಹಂಚಿಬಿಡುವಂತೆಯೂ ಇಲ್ಲ. ಅಷ್ಟುದ್ದದ ತೊಟ್ಟಿ ಇರುವವರು ಶಿಕಾರಿಪುರದಲ್ಲಿ ಯಾರೂ ಸಿಗಲಿಲ್ಲ. ಆಗ ಎಲ್ಲರೂ ಒಂದೇ ಸಲಹೆ ಕೊಡಲು ಶುರುಮಾಡಿದರು: ಕೆರೆಗೆ ಬಿಟ್ಟುಬಿಡಿ.

ಒಂದು ದಿನ ಅಳತೆಗೆಂದು ಅಂಬ್ಲಿಗೊಳದ ಕಡೆ ಹೋಗಿದ್ದೆವು. ಕೆಲಸ ಮುಗಿಸಿ ಜಲಾಶಯದ ಏರಿಯ ಮೇಲೆ ಬುತ್ತಿ ಬಿಚ್ಚಿದೆವು. ನೀರು ತುಂಬಿ ಆಚೆ ದಡ ಕಾಣದಷ್ಟು ಹರಡಿತ್ತು. ಡ್ರೈವರ್ ಹೇಳಿದ, "ಒಂದು ಡ್ರಮ್ಮಿನಾಗ ತಂದು ಇಲ್ಲಿ ಬಿಟ್ಬಿಡ್ರಿ ಸಾಹೇಬ್ರೆ. ಇದಕ್ಕಿಂತ ದೊಡ್ಡ ಟ್ಯಾಂಕು ಯಾರು ಕಟ್ಟಿಸಿ ಕೊಡ್ತಾರ?"

ಇವರು ತುತ್ತು ಕೈಯಲ್ಲಿ ಹಿಡಿದುಕೊಂಡೇ ನೀರು ನೋಡುತ್ತ ಕುಳಿತರು. ಮನಸ್ಸು ಆ ಕಡೆ ವಾಲಿದ್ದು ನನಗೇ ಗೊತ್ತಾಗುತ್ತಿತ್ತು. ಕೆಳಗೆ ಒಬ್ಬ ಮುದುಕ ಬಲೆ ಹರಡಿಕೊಂಡು ಹೊಲಿಯುತ್ತಿದ್ದ. ಇವರು ಎದ್ದು ಅವನ ಹತ್ತಿರ ಹೋದರು, ಹಿಂದೆಯೇ ನಾವೂ ಹೋದೆವು. ಇಲ್ಲಿ ಯಾವ ಯಾವ ಮೀನು ಸಿಗುತ್ತವೆ ಎಂದು ಕೇಳಿದರು. ಗೆಂಡೆ, ಕೊರವ, ಬಾಳೆಮೀನು, ಬಿಟ್ಟು ಸಾಕುವ ಕಾಟ್ಲಾ ಎಂದು ಅವನು ಹೇಳುತ್ತ ಹೋದ.

"ಹೊರಗಿನ ಮೀನು ತಂದು ಬಿಟ್ರೆ ಬದುಕ್ತಾವೇನಜ್ಜ?"

ಮುದುಕ ಸೂಜಿ ನಿಲ್ಲಿಸಿದ. "ಬದುಕಿದ್ರೇ ತ್ರಾಸು. ನಮ್ಮ ಅಳಿಯನ ಊರ ಕೆರೆಗೆ ಯಾರೋ ಮನಿಯಾಗ ಸಾಕಿದ್ದ ಮೀನು ಬಿಟ್ರಂತ. ಮೈತುಂಬ ಮುಳ್ಳಿನ ಚಿಪ್ಪು. ತಿನ್ನಾಕ ಬರಂಗಿಲ್ಲ, ಬಲೆಗೆ ಬಿದ್ರ ಬಲೆನೇ ಹರೀತಾವ. ಈಗ ಆ ಕೆರೆಯಾಗ ಅವೇ ಜಾಸ್ತಿ. ಬದುಕದಿದ್ರ ನಿಮ್ಮ ಮೀನು ಹೋತು. ಎರಡರಾಗ ಯಾವುದು ಬೇಕ್ರಿ ನಿಮಗ?"

ಜೀಪಿನಲ್ಲಿ ಬರುವಾಗ ಇವರು ನೀರಿನ ಕಡೆಗೇ ತಿರುಗಿ ಕುಳಿತಿದ್ದರು. ಶಿಕಾರಿಪುರ ಹತ್ತಿರವಾದಾಗ ಹೇಳಿದರು, "ಅದು ಗೆಂಡೆ ಕೊರವಗಳ ಸ್ವತ್ತು. ನಮ್ಮನಿ ಇಕ್ಕಟ್ಟಾತು ಅಂತ ಅವರ ಜಾಗಕ್ಕೆ ನುಗ್ಗಿಸಿದ್ರ ಅದು ಒತ್ತುವರಿ. ಇಷ್ಟು ವರ್ಷ ಒತ್ತುವರಿ ತೆಗಸಿ, ಈಗ ನಾನೇ ಮಾಡ್ಲೇನು?" ಡ್ರೈವರ್ ಆಮೇಲೆ ಆ ಸಲಹೆ ಕೊಡಲಿಲ್ಲ.

ಶಿಕಾರಿಪುರದ ಹೊಸ ಬಡಾವಣೆಯಲ್ಲಿ ಅವರದೊಂದು ಸೈಟಿತ್ತು. ನಿವೃತ್ತಿಗೆ ಮುಂಚೆ ಮನೆ ಕಟ್ಟಿಸಬೇಕೆಂದು ಮೊದಲಿನಿಂದಲೂ ಇತ್ತು. ನಕ್ಷೆ ಅವರೇ ಬರೆದರು. ಒಂದು ಭಾನುವಾರ ನನ್ನನ್ನು ಊಟಕ್ಕೆ ಕರೆದು, ಎಲೆ ಎತ್ತಿದ ಮೇಲೆ ಚಾಪೆಯ ಮೇಲೆ ನಕ್ಷೆ ಹರಡಿದರು. ನಡುಮನೆಯ ಒಂದು ಗೋಡೆಯುದ್ದಕ್ಕೂ ಹನ್ನೆರಡು ಅಡಿಯ ತೊಟ್ಟಿ. ಅದರ ತೂಕಕ್ಕೆ ಕೆಳಗೆ ಬೇರೆ ಪಾಯ, ನೀರು ಬದಲಿಸಲು ಬೇರೆ ಪೈಪು, ಹಾರಿ ಬೀಳದಂತೆ ಮೇಲೆ ಜಾಳಿಗೆಯ ಮುಚ್ಚಳ, ಎಲ್ಲವೂ ಇತ್ತು. ಅಕ್ಕ ಪಾತ್ರೆ ಎತ್ತಿಟ್ಟು ಬಂದು ನಿಂತು ನೋಡಿದರು.

"ಅಡುಗಿಮನಿ ಯಾವುದ್ರೀ?"

ಅವರು ಬೆರಳಿಟ್ಟು ತೋರಿಸಿದರು. ಹಿಂದಿನ ಮೂಲೆಯಲ್ಲಿ ಒಂದು ಸಣ್ಣ ಚೌಕ.

ಅಕ್ಕ ಗಲಾಟೆ ಮಾಡುವವರಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಧಾನವಾಗಿ ಹೇಳಿದರು. "ಮೀನು ನಾಕು ಅಡಿಯಾಗ ತಿರುಗ್ತಾವ ಅಂತ ನಿಮ್ಮ ಜೀವ ಮರಗತೈತಿ. ನಾ ಬ್ಯಾಡ ಅನ್ನಂಗಿಲ್ಲ. ಲಗ್ನ ಆಗಿ ಬಂದಾಗಿಂದ ಎಷ್ಟು ಕ್ವಾರ್ಟರ್ಸ್ ಆದ್ವು, ಎಲ್ಲಾ ಕಡಿಗೂ ನಾ ಎಷ್ಟು ಜಾಗದಾಗ ತಿರುಗೀನಿ ಅಂತ ಒಂದಿನ ಟೇಪು ಹಿಡದು ನೋಡೀರೇನು?"

ಅವರು ನಕ್ಷೆಯನ್ನು ಮಡಚಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಮರುದಿನ ಅವರು ಆಫೀಸಿಗೆ ತಡವಾಗಿ ಬಂದರು. ನನ್ನ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು. "ಬೆಳಗ್ಗೆ ಆಕಿ ನೀರಿಗೆ ಹೋದಾಗ ಅಡುಗಿಮನಿ ಅಳದೆ ತಂಗಿ. ಒಲಿಕಟ್ಟಿ, ಕಪಾಟು, ಅಕ್ಕಿ ಡಬ್ಬಿ, ಗ್ಯಾಸಿನ ಸಿಲಿಂಡರು ಎಲ್ಲಾ ಖರಾಬು ಕಳದೆ. ಮೂರು ಹೆಜ್ಜಿ ಉಳೀತು. ಮೂರನೇ ಹೆಜ್ಜಿಗೆ ತಿರುಗಬೇಕು. ನಾನು ಊರೆಲ್ಲಾ ಅಳಕೊಂತ ತಿರುಗೀನಿ, ಆಕಿ ಮೂರು ಹೆಜ್ಜಿಯಾಗ ಸಂಸಾರ ಮಾಡ್ಯಾಳ." ಅಷ್ಟು ಹೇಳಿ ಕನ್ನಡಕ ತೆಗೆದು ಒರೆಸಿದರು.

ಹೊಸ ನಕ್ಷೆ ಬರೆಯಲು ಅವರು ಬಹಳ ದಿನ ತೆಗೆದುಕೊಂಡರು. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆದರು. ತಮಗೆಂದು ಇಟ್ಟುಕೊಂಡಿದ್ದ ಓದುವ ಕೋಣೆ ಹೋಯಿತು. ಕಾರು ನಿಲ್ಲಿಸುವ ಜಾಗ ಹೋಯಿತು. ಕಾರು ಹೇಗೂ ಇರಲಿಲ್ಲ. ನಡುಮನೆ ಅರ್ಧಕ್ಕಿಳಿಯಿತು. ಅಡುಗೆಮನೆ ಮನೆಯ ಒಂದು ಪಕ್ಕದುದ್ದಕ್ಕೂ ಬಂತು, ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ನಲ್ಲಿ, ಹಿತ್ತಲಿನ ಬಾಗಿಲು, ಬೆಳಗಿನ ಬಿಸಿಲು ಬೀಳುವ ದೊಡ್ಡ ಕಿಟಕಿ. ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆಯ ಬದಲು ಅದೇ ಹನ್ನೆರಡು ಅಡಿಯ ಮೀನಿನ ತೊಟ್ಟಿ. ತಳ ಸಿಮೆಂಟಿನದು, ಎರಡೂ ಕಡೆಗೆ ದಪ್ಪ ಗಾಜು. ಅಡುಗೆಮನೆಯಷ್ಟೇ ಉದ್ದ ತೊಟ್ಟಿ, ತೊಟ್ಟಿಯಷ್ಟೇ ಉದ್ದ ಅಡುಗೆಮನೆ.

ನೆಂಟರು ಬಂದು ನೋಡಿ ಸೋಫಾ ಎಲ್ಲಿಡುತ್ತೀರಿ ಎಂದರು. "ಬೆಂಚು ಹಾಕ್ತೀನಿ" ಎಂದರು ಇವರು. ಅಡುಗೆಮನೆಯೊಳಗಿನದೆಲ್ಲ ಹೊರಗೆ ಕಾಣುತ್ತದಲ್ಲ ಎಂದು ಅಕ್ಕನ ನಾದಿನಿ ಮೂಗು ಮುರಿದರು. "ಕಾಣಲಿ ಬಿಡು. ಇಷ್ಟು ದಿನ ನಾನು ಅಡುಗಿ ಮಾಡೋದು ಯಾರಿಗೂ ಕಾಣ್ತಿರ್ಲಿಲ್ಲ" ಎಂದರು ಅಕ್ಕ.

ಮನೆ ಏಳುವ ಹೊತ್ತಿಗೆ ಊರಲ್ಲಿ ಸುದ್ದಿಯಾಗಿತ್ತು. ತಾವೂ ಮೀನು ಸಾಕುತ್ತೇವೆಂದು ಕೆಲವರು ಇವರನ್ನು ಕೇಳಲು ಬರುತ್ತಿದ್ದರು. ಅವರಿಗೆಲ್ಲ ಒಂದೇ ಮಾತು: ಮೊದಲು ಮನೆಯಲ್ಲಿ ಎಷ್ಟು ಉದ್ದದ ಜಾಗ ಕೊಡಬಲ್ಲಿರಿ ಹೇಳಿ, ಆಮೇಲೆ ಮೀನಿನ ಮಾತು. ಎರಡಡಿ ಎಂದವರಿಗೆ, ಬೆರಳುದ್ದಕ್ಕಿಂತ ದೊಡ್ಡದಾಗದ, ಒಂದೆಡೆ ನಿಂತು ಆಡುವ ಮೀನಿನ ಹೆಸರು ಹೇಳುತ್ತಿದ್ದರು. "ಓಡೋ ಮೀನು ಚಂದ ಅಂತ ಆಸೆ ಪಡಬ್ಯಾಡ್ರಿ. ನಾ ಪಟ್ಟೀನಿ, ಮನಿ ಕಟ್ಟಸಬೇಕಾತು" ಎನ್ನುತ್ತಿದ್ದರು.

ಹೊಸ ಸಿಮೆಂಟಿನ ಸುಣ್ಣ ಮೀನಿಗೆ ವಿಷ. ಮೇಸ್ತ್ರಿ ಹೇಳಿಕೊಟ್ಟಂತೆ ಬಾಳೆದಿಂಡು ಕತ್ತರಿಸಿ ನೀರಲ್ಲಿ ಕೊಳೆಹಾಕುವುದು, ಆ ನೀರು ಚೆಲ್ಲುವುದು, ಮತ್ತೆ ತುಂಬುವುದು. ಗೃಹಪ್ರವೇಶವಾಗಿ ಜನ ಉಂಡು ಹೋದ ಮೇಲೂ ಇದು ನಡೆದೇ ಇತ್ತು. ಕೊನೆಗೆ ನೀರು ತಿಳಿಯಾಗಿ, ಪರೀಕ್ಷೆ ಮಾಡಿ ಸರಿಯಿದೆ ಎಂದಾದ ಮೇಲೆ ಹಳೆಯ ತೊಟ್ಟಿಯ ಅರ್ಧ ನೀರನ್ನು ತಂದು ಇದಕ್ಕೆ ಬೆರೆಸಿದರು.

ಮೀನು ಸಾಗಿಸುವ ದಿನ ನಾನೂ ಹೋಗಿದ್ದೆ. ಎರಡು ಡ್ರಮ್ಮು, ಒಂದು ಲಗೇಜ್ ಆಟೊ. ಇವರು ಹಿಂದೆ ಡ್ರಮ್ಮುಗಳನ್ನು ತಬ್ಬಿಕೊಂಡು ಕುಳಿತರು. ಅಕ್ಕ ಮುಂದೆ ಕುಳಿತು, "ಹಾರ್ನ್ ಹೊಡೀಬ್ಯಾಡಪ್ಪ, ಬಸುರಿ ಕರಕೊಂಡು ಹೋದಂಗ ಹೋಗು" ಎಂದು ಡ್ರೈವರಿಗೆ ಹೇಳುತ್ತಿದ್ದರು. ಹೊಸ ನೀರನ್ನು ಚೊಂಬಿನಲ್ಲಿ ಡ್ರಮ್ಮಿಗೆ ಸ್ವಲ್ಪ ಸ್ವಲ್ಪವೇ ಸೇರಿಸಿ, ಮಧ್ಯಾಹ್ನದ ಹೊತ್ತಿಗೆ ಐದನ್ನೂ ಒಲೆಯ ತುದಿಯ ಕಡೆ ಬಿಟ್ಟರು. ಬೆನ್ನಿನ ಹಾಯಿ ಬಿಚ್ಚಿಕೊಂಡವು. ನಾವು ಮೂವರೂ ಉಸಿರು ಹಿಡಿದು ನಿಂತೆವು.

ಐದೂ ಒಟ್ಟಾಗಿ ಹೊರಟವು. ನಾಲ್ಕು ಅಡಿ ಹೋದವು, ತಿರುಗಿದವು. ಅಲ್ಲಿ ಗಾಜಿರಲಿಲ್ಲ. ಕಲ್ಲಿರಲಿಲ್ಲ, ಗಿಡವಿರಲಿಲ್ಲ, ಬರೀ ನೀರು. ಆದರೂ ಬಂದ ದಾರಿಯಲ್ಲೇ ವಾಪಸು ಮೂಲೆಗೆ. ಮತ್ತೆ ನಾಲ್ಕು ಅಡಿ, ಮತ್ತೆ ತಿರುಗುವುದು. ಸಂಜೆಯವರೆಗೂ ಅಷ್ಟೇ. ಅದರಾಚೆಗಿನ ಎಂಟು ಅಡಿ ಖಾಲಿ ಬಿದ್ದಿತ್ತು.

ಇವರು ಬೆಂಚಿನ ಮೇಲೆ ಕುಳಿತುಬಿಟ್ಟರು. "ಗಾಜು ಅವುಗಳ ತಲಿಯೊಳಗ ಕುಂತೈತಿ" ಎಂದರು. ಮಾರನೆಯ ದಿನ ನಾನು ಫೋನು ಮಾಡಿ ಕೇಳಿದಾಗಲೂ ಅದೇ ಉತ್ತರ. ಆ ತುದಿಗೆ ಕಾಳು ಹಾಕಿದರೆ ಕಾಳು ಅಲ್ಲೇ ತಳಕ್ಕಿಳಿಯಿತಂತೆ. ದೀಪ ಹಾಕಿದರು, ಆರಿಸಿದರು. ಏನೂ ಆಗಲಿಲ್ಲ. ದನಿಯಲ್ಲಿ ಉತ್ಸಾಹವಿರಲಿಲ್ಲ. ಇಷ್ಟೆಲ್ಲ ಮಾಡಿ, ಮನೆ ಅರ್ಧ ಕೊಟ್ಟು, ಕೊನೆಗೆ ಅವೇ ಬೇಡವೆಂದರೆ ಯಾರಿಗೆ ಹೇಳುವುದು?

ಭಾನುವಾರ ಬೆಳಿಗ್ಗೆ ನಾನು ಮತ್ತೆ ಹೋದೆ. ಇವರು ಬೆಂಚಿನ ಮೇಲೆ ಪೇಪರು ಹಿಡಿದು ಕುಳಿತಿದ್ದರು, ಓದುತ್ತಿರಲಿಲ್ಲ. ಪಕ್ಕದಲ್ಲಿ ನಾನೂ ಕುಳಿತೆ. ನೀರಿನಾಚೆ ಅಕ್ಕ ಅಡುಗೆ ಮಾಡುತ್ತಿದ್ದರು. ಮೊದಲ ಎರಡು ದಿನ ಸಾಮಾನು ಜೋಡಿಸುವ ಗಡಿಬಿಡಿಯಲ್ಲಿ ಒಲೆಯ ತುದಿಯಲ್ಲೇ ಎಲ್ಲ ಮುಗಿಸುತ್ತಿದ್ದರಂತೆ. ಅವರಿಗೂ ಅಭ್ಯಾಸವಾದದ್ದು ಮೂರು ಹೆಜ್ಜೆಯೇ. ಮೀನುಗಳು ಆ ಮೂಲೆಯಲ್ಲಿ, ಅವರ ಸೀರೆಯ ಪಕ್ಕದಲ್ಲಿ, ಎಂದಿನಂತೆ ಹೋಗಿ ಬಂದು ಮಾಡುತ್ತಿದ್ದವು.

ಅಕ್ಕಿ ತೊಳೆಯಲೆಂದು ಅಕ್ಕ ಪಾತ್ರೆ ಎತ್ತಿಕೊಂಡು ಆಚೆ ತುದಿಯ ನಲ್ಲಿಯ ಕಡೆ ಹೊರಟರು. ಯೋಚನೆಯಿಲ್ಲದೆ, ನಿಧಾನಕ್ಕೆ, ಯಾವುದೋ ಹಾಡು ಗುನುಗುತ್ತ ನಡೆದರು. ಒಂದು ಮೀನು ಗಾಜಿನ ಪಕ್ಕ ಅವರ ಜೊತೆಗೇ ಹೊರಟಿತು. ಉಳಿದವು ಅದರ ಹಿಂದೆ. ನಾಲ್ಕು ಅಡಿಯ ಜಾಗ ಬಂತು. ಅಕ್ಕ ನಿಲ್ಲಲಿಲ್ಲ, ಮೀನೂ ನಿಲ್ಲಲಿಲ್ಲ. ಐದೂ ಅವರ ಮೊಣಕೈಯ ಪಕ್ಕದಲ್ಲಿ ಸಾಲಾಗಿ, ಕಿಟಕಿಯ ಬಿಸಿಲು ಮೈಮೇಲೆ ಬೀಳುತ್ತಿದ್ದಂತೆ ಬೆಳ್ಳಗೆ ಹೊಳೆಯುತ್ತ, ಹನ್ನೆರಡು ಅಡಿಯ ಕೊನೆಯವರೆಗೂ ಹೋದವು.

ಪೇಪರು ನೆಲಕ್ಕೆ ಬಿತ್ತು. ಇವರು ಎದ್ದು ಗಾಜಿನ ಹತ್ತಿರ ಹೋಗಿ ನಿಂತರು.

"ಏ ಇವಳೇ," ಎಂದರು. "ಇನ್ನೊಂದು ಸಲ ಈ ಕಡಿಗೆ ನಡಿ."

ಅಕ್ಕ ನೀರಿನಾಚೆಯಿಂದ ತಿರುಗಿ ನೋಡಿದರು. ಪಕ್ಕದಲ್ಲಿ ಏನು ನಡೆದಿದೆಯೆಂದು ಅವರಿಗೆ ಆಗ ಕಂಡಿತು.

"ಅಕ್ಕಿ ತೊಳೀಬೇಕು, ಒಲಿ ಮ್ಯಾಲೆ ಎಸರು ಕುದಿಯಾಕತ್ತೈತಿ" ಎಂದರು.

ಎಂದವರು ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಈ ತುದಿಯವರೆಗೂ ನಡೆದು ಬಂದರು.